ಸವಳು ನೀರಿನ ಊರಲ್ಲಿ ಸೂಕ್ಷ್ಮ ಮುಖಕ್ಕೆ ಯಾವ ಫೇಸ್‌ವಾಶ್?

ಬಸ್ಸಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಹೊಲದ ಬದುವಿನ ಮೇಲೆ, ಎಲ್ಲೇ ಕೂತು ಇಯರ್‌ಫೋನ್ ಹಾಕ್ಕೊಂಡಿದ್ರೂ ನಿಮಗೆಲ್ಲ ಸ್ವಾಗತ. ಇವತ್ತಿನ ವಿಷಯ ನಿಮ್ಮ ವಾಯ್ಸ್ ನೋಟ್‌ಗಳಿಂದಲೇ ಬಂದದ್ದು. ಪದೇ ಪದೇ ಒಂದೇ ಪ್ರಶ್ನೆ: "ಮಾರಿ ತೊಳೆದ ಮೇಲೆ ಚುರುಚುರು ಅಂತದ, ಬಿಗಿ ಹಿಡಿತದ, ಕೆಂಪಾಗ್ತದ. ಯಾವ ಫೇಸ್‌ವಾಶ್ ಹಚ್ಚಬೇಕು?"

ಒಂದು ಬ್ರ್ಯಾಂಡ್ ಹೆಸರು ಹೇಳಿ ಎರಡು ನಿಮಿಷದಲ್ಲಿ ಮುಗಿಸಬಹುದಿತ್ತು. ಆದ್ರೆ ಅದರಿಂದ ನಿಮ್ಮ ತೊಂದರೆ ಹೋಗಲ್ಲ. ನಮ್ಮೂರು ಯಂಕಂಚಿ, ಸಿಂದಗಿ ತಾಲ್ಲೂಕು. ನಮ್ಮ ಕಡೆ ಮುಖದ ಕಥೆ ಶುರುವಾಗೋದು ಟ್ಯೂಬಿನಿಂದ ಅಲ್ಲ, ನಳದಿಂದ. ಸೋಪನ್ನು ಮಾತ್ರ ನೋಡಿ ನೀರನ್ನ ನೋಡದೇ ಇದ್ರೆ ಅರ್ಧ ಉತ್ತರವೇ ಸಿಗೋದು. ಹಾಗಾಗಿ ಇವತ್ತು ಮೂರು ಮಾತು: ಚರ್ಮ, ನೀರು, ಲೇಬಲ್. ಕೊನೆಗೆ ಒಂದು ಎಚ್ಚರಿಕೆ. ಅದನ್ನ ಮಾತ್ರ ಬಿಡದೇ ಕೇಳಿ.

ಸೂಕ್ಷ್ಮ ಚರ್ಮ ಅಂದ್ರೆ ಏನು?

ಸೂಕ್ಷ್ಮ ಚರ್ಮ ಅನ್ನೋದು ಒಂದು ರೋಗದ ಹೆಸರಲ್ಲ. ಬೇರೆಯವರಿಗೆ ಏನೂ ಮಾಡದ ಸೋಪು, ಬಿಸಿಲು, ಗಾಳಿ, ಬೆವರು ನಿಮಗೆ ಮಾತ್ರ ಉರಿ, ತುರಿಕೆ, ಬಿಗಿತ ತಂದ್ರೆ ಅದನ್ನ ಸೂಕ್ಷ್ಮ ಚರ್ಮ ಅಂತೀವಿ. ಕೆಲವರಿಗೆ ಅದರ ಹಿಂದೆ ಎಕ್ಸಿಮಾ, ರೊಸೇಶಿಯಾ ಅಥವಾ ಯಾವುದೋ ಅಲರ್ಜಿ ಇರುತ್ತೆ. ಇನ್ನು ಕೆಲವರಿಗೆ ಅಂಥದ್ದೇನೂ ಇರಲ್ಲ. ಚರ್ಮದ ಮೇಲಿನ ಗೋಡೆ ಸ್ವಲ್ಪ ಸಡಿಲ ಆಗಿರುತ್ತೆ, ಅಷ್ಟೇ.

ಗೋಡೆ ಅಂದದ್ದು ಸುಮ್ಮನೆ ಅಲ್ಲ. ನಮ್ಮ ಕಡೆಯ ಹಳೇ ಕಲ್ಲಿನ ಮನೆ ನೆನಪು ಮಾಡ್ಕೊಳ್ಳಿ. ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆ. ಚರ್ಮದ ಅತಿ ಮೇಲಿನ ಪದರವೂ ಹಾಗೇ ಇದೆ. ಸತ್ತ ಜೀವಕೋಶಗಳು ಕಲ್ಲಿನ ಹಾಗೆ, ಅವುಗಳ ನಡುವಿನ ಕೊಬ್ಬಿನಂಶ ಗಾರೆಯ ಹಾಗೆ. ಈ ಗಾರೆ ಗಟ್ಟಿ ಇದ್ರೆ ಒಳಗಿನ ನೀರು ಹೊರಗೆ ಹೋಗಲ್ಲ, ಹೊರಗಿನ ಧೂಳು, ರಾಸಾಯನಿಕ ಒಳಗೆ ಬರಲ್ಲ. ಗಾರೆ ತೊಳೆದು ಹೋದ್ರೆ ಎರಡೂ ಆಗುತ್ತೆ. ಚರ್ಮ ಒಣಗುತ್ತೆ, ಚಿಕ್ಕದಕ್ಕೂ ಉರಿಯುತ್ತೆ.

ಈ ಗೋಡೆಯ ಮೇಲೆ ತೆಳುವಾದ ಹುಳಿ ಪದರ ಒಂದಿದೆ. 1928ರಲ್ಲಿ ಜರ್ಮನಿಯ ವೈದ್ಯರಾದ ಹೈನ್ರಿಶ್ ಶಾಡೆ ಮತ್ತು ಆಲ್ಫ್ರೆಡ್ ಮಾರ್ಕಿಯೊನಿನಿ ಇದಕ್ಕೆ 'ಆಮ್ಲ ಕವಚ' ಅಂತ ಹೆಸರಿಟ್ಟರು. ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5ರ ಆಸುಪಾಸು. ಶುದ್ಧ ನೀರಿನದು 7. ಚರ್ಮ ತನ್ನ ಗಾರೆಯನ್ನ ತಾನೇ ಕಲಸಿ ರಿಪೇರಿ ಮಾಡ್ಕೊಳ್ಳೋಕೆ ಈ ಹುಳಿ ವಾತಾವರಣವೇ ಬೇಕು. ಪಿಎಚ್ ಏರಿದ್ರೆ ರಿಪೇರಿ ನಿಧಾನ ಆಗುತ್ತೆ, ಗೋಡೆ ಬಿಚ್ಚೋ ಕಿಣ್ವಗಳು ಚುರುಕಾಗುತ್ತವೆ.

ಸೋಪು ಸೋಪೇ

ಈಗ ಸೋಪಿಗೆ ಬರೋಣ. ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡಾದಂಥ ಕ್ಷಾರ ಸೇರಿಸಿದ್ರೆ ಸೋಪಾಗುತ್ತೆ. ಇದು ನಮಗೆ ಹೊಸತಲ್ಲ. ನೂರು ವರ್ಷಗಳ ಹಿಂದೆಯೇ ಮೈಸೂರು ಸಂಸ್ಥಾನ ಬೆಂಗಳೂರಲ್ಲಿ ಸರ್ಕಾರಿ ಸೋಪ್ ಕಾರ್ಖಾನೆ ತೆರೆದಿತ್ತು. ಗಂಧದ ಸೋಪಿನ ಪರಿಮಳ ಗೊತ್ತಿಲ್ಲದ ಕನ್ನಡದ ಮನೆ ಕಡಿಮೆ. ಸೋಪು ಕೆಟ್ಟದ್ದಲ್ಲ. ಕೈ ತೊಳೆಯೋಕೆ, ಕೆಸರು ಹೋಗಲಾಡಿಸೋಕೆ ಅದರಷ್ಟು ಒಳ್ಳೆ ವಸ್ತು ಇನ್ನೊಂದಿಲ್ಲ. ಆದ್ರೆ ಯಾವ ಕಂಪನಿಯದೇ ಆಗಲಿ, ನಿಜವಾದ ಸೋಪಿನ ಪಿಎಚ್ ಸಾಮಾನ್ಯವಾಗಿ 9ರಿಂದ 10.

5ಕ್ಕೂ 10ಕ್ಕೂ ಐದೇ ವ್ಯತ್ಯಾಸ ಅನ್ಕೋಬೇಡಿ. ಪಿಎಚ್‌ನಲ್ಲಿ ಒಂದೊಂದು ಮೆಟ್ಟಿಲೂ ಹತ್ತು ಪಟ್ಟು. ಐದು ಮೆಟ್ಟಿಲು ಅಂದ್ರೆ 1 ಲಕ್ಷ ಪಟ್ಟು. ಗಟ್ಟಿ ಚರ್ಮದವರು ಸೋಪು ಹಚ್ಚಿದ ಮೇಲೆ ಒಂದೆರಡು ಗಂಟೆಯಲ್ಲಿ ಸುಧಾರಿಸ್ಕೋತಾರೆ. ಸೂಕ್ಷ್ಮ ಚರ್ಮದವರಿಗೆ ಅದು ಸುಧಾರಿಸೋ ಮೊದಲೇ ಮತ್ತೆ ಸೋಪು ಬಿದ್ದಿರುತ್ತೆ. ಮುಂಜಾನೆ, ಮಧ್ಯಾಹ್ನ, ಕಾಲೇಜಿಂದ ಬಂದ ಮೇಲೆ, ರಾತ್ರಿ. ಅಷ್ಟು ಸಲ!

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ರೀಲ್ಸ್‌ನಲ್ಲಿ "ಟಿಎಫ್‌ಎಂ ಜಾಸ್ತಿ ಇರೋ ಸೋಪು ತಗೊಳ್ಳಿ, ಮೃದು ಇರುತ್ತೆ" ಅಂತ ಹೇಳ್ತಾರಲ್ಲ, ಅದು. ಟಿಎಫ್‌ಎಂ ಅಂದ್ರೆ ಸೋಪಿನಲ್ಲಿರೋ ಒಟ್ಟು ಕೊಬ್ಬಿನಂಶದ ಅಳತೆ. ಭಾರತೀಯ ಮಾನಕದ ಪ್ರಕಾರ ಗ್ರೇಡ್ 1 ಟಾಯ್ಲೆಟ್ ಸೋಪಲ್ಲಿ ಅದು ಶೇ 76ಕ್ಕಿಂತ ಕಡಿಮೆ ಇರಬಾರದು. ಅದು ಸೋಪಿನ ಗುಣಮಟ್ಟ ಹೇಳುತ್ತೆ ನಿಜ. ಆದ್ರೆ ಟಿಎಫ್‌ಎಂ ಎಷ್ಟೇ ಏರಿದ್ರೂ ಸೋಪಿನ ಕ್ಷಾರಗುಣ ಹೋಗಲ್ಲ. ಗ್ರೇಡ್ 1 ಸೋಪು ಅಂದ್ರೆ ಒಳ್ಳೆ ಸೋಪು, ಸೂಕ್ಷ್ಮ ಮುಖಕ್ಕೆ ಹೊಂದೋ ಸೋಪು ಅಂತಲ್ಲ.

ನಮ್ಮ ನೀರು ಏನು ಮಾಡುತ್ತೆ?

ಈಗ ನಳಕ್ಕೆ ಬರೋಣ. ವಿಜಯಪುರ ಜಿಲ್ಲೆಯ ಬಹುಭಾಗ ಕರಿಮಣ್ಣು, ಕೆಳಗೆ ಕಪ್ಪು ಬಸಾಲ್ಟ್ ಕಲ್ಲು. ಆ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಬೋರ್‌ವೆಲ್‌ನಿಂದ ಮೇಲೆ ಬರುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೊತ್ಕೊಂಡೇ ಬರುತ್ತೆ. ಅದೇ ಗಡಸುತನ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಗೆ ಹೋದ್ರೂ ಸ್ಟೀಲ್ ಕೊಡದ ಒಳಗಿನ ಬಿಳಿ ಗೆರೆ, ಹಂಡೆ ತಳದ ಬಿಳಿ ಹೆಪ್ಪು, ಗೀಸರ್ ಕಾಯಿಲಿನ ಮೇಲಿನ ಸುಣ್ಣ ನೋಡಿರ್ತೀರಿ. ಭೀಮೆ, ಕೃಷ್ಣೆಯ ನೀರು ಬರೋ ಊರುಗಳಲ್ಲಿ ಇದು ಸಾಮಾನ್ಯವಾಗಿ ಕಡಿಮೆ.

ಕುಡಿಯೋ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂವರೆಗಿನ ಗಡಸುತನ ಒಪ್ಪುವಂಥದ್ದು. ಬೇರೆ ನೀರೇ ಇಲ್ಲ ಅಂದ್ರೆ 600ರವರೆಗೆ ನಡೆಯುತ್ತೆ. ನೆನಪಿರಲಿ, ಇದು ಕುಡಿಯೋ ಲೆಕ್ಕ. ಮುಖದ ಚರ್ಮಕ್ಕೆ ಅಂತ ಯಾರೂ ಈ ಅಂಕಿ ಇಟ್ಟಿಲ್ಲ.

ಗಡಸು ನೀರಿಗೆ ಸೋಪು ಹಾಕಿದ್ರೆ ಏನಾಗುತ್ತೆ? ಸೋಪು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಜಿಡ್ಡಾಗುತ್ತೆ. ಬಕೆಟ್ ಅಂಚಿಗೆ ಅಂಟೋ ಆ ಬೂದು ಬಣ್ಣದ ಕೆನೆ ಇದೆಯಲ್ಲ, ಅದೇ. ಬಕೆಟ್ಟಿಗೆ ಅಂಟೋದು ಕೆನ್ನೆಗೆ ಅಂಟಲ್ವಾ? ಅಂಟುತ್ತೆ. ನೊರೆ ಬರ್ತಿಲ್ಲ ಅಂತ ನೀವು ಇನ್ನಷ್ಟು ಸೋಪು ತಿಕ್ತೀರಿ. ಜಿಡ್ಡು ಹೋಗ್ತಿಲ್ಲ ಅಂತ ಇನ್ನಷ್ಟು ಉಜ್ತೀರಿ. ಮೊದಲೇ ಸಡಿಲ ಆದ ಗಾರೆಗೆ ಮೂರು ಏಟು: ಕ್ಷಾರ, ಜಿಡ್ಡು, ಉಜ್ಜಾಟ.

ಇದನ್ನ ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಕಿಂಗ್ಸ್ ಕಾಲೇಜಿನವರು 80 ಜನರ ಚರ್ಮವನ್ನ ಬೇರೆ ಬೇರೆ ಗಡಸುತನದ ನೀರಲ್ಲಿ ಸೋಡಿಯಂ ಲಾರಿಲ್ ಸಲ್ಫೇಟ್ ಹಾಕಿ ತೊಳೆದು ನೋಡಿದರು. ನೀರು ಗಡಸಾದಷ್ಟೂ ಚರ್ಮದ ಮೇಲೆ ಉಳಿಯೋ ಶೇಷ ಜಾಸ್ತಿ, ಕಿರಿಕಿರಿಯೂ ಜಾಸ್ತಿ. ಎಕ್ಸಿಮಾ ಇರೋರಿಗೆ, ಅದರಲ್ಲೂ ಚರ್ಮದ ಗೋಡೆ ಕಟ್ಟೋ ಫಿಲಾಗ್ರಿನ್ ಎಂಬ ಪ್ರೊಟೀನಿನ ವಂಶವಾಹಿಯಲ್ಲಿ ದೋಷ ಇರೋರಿಗೆ ತೊಂದರೆ ಹೆಚ್ಚು. 2018ರಲ್ಲಿ ಅದು ಚರ್ಮ ವಿಜ್ಞಾನದ ಪತ್ರಿಕೆಯಲ್ಲಿ ಅಚ್ಚಾಯ್ತು.

ಹಾಗಂತ ಮನೆಗೆ ದುಬಾರಿ ವಾಟರ್ ಸಾಫ್ಟನರ್ ತರೋಕೆ ಓಡಬೇಡಿ. ಇಂಗ್ಲೆಂಡಿನಲ್ಲೇ ಎಕ್ಸಿಮಾ ಇದ್ದ 336 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮನೆಗೆ ಸಾಫ್ಟನರ್ ಹಾಕಿಸಿದ್ದರಿಂದ ರೋಗಕ್ಕೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಎರಡನ್ನೂ ಸೇರಿಸಿ ನಾನು ತಿಳ್ಕೊಂಡದ್ದು ಇಷ್ಟು: ನೀರನ್ನ ಬದಲಿಸೋದಕ್ಕಿಂತ ಆ ನೀರಿಗೆ ನಾವು ಏನು ಬೆರೆಸ್ತೀವಿ ಅನ್ನೋದನ್ನ ಬದಲಿಸೋದು ಸುಲಭ, ಅಗ್ಗ.

ಒಂದು ಬಾಟಲಿ ಪರೀಕ್ಷೆ

ನಿಮ್ಮ ನೀರು ಎಷ್ಟು ಗಡಸು ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಎರಡು ಖಾಲಿ ಪಾರದರ್ಶಕ ಬಾಟಲಿ ತಗೊಳ್ಳಿ. ಒಂದರಲ್ಲಿ ಕಾಲು ಭಾಗ ನಳದ ನೀರು, ಇನ್ನೊಂದರಲ್ಲಿ ಅಷ್ಟೇ ಮಳೆ ನೀರು ಅಥವಾ ಆರ್‌ಒ ಘಟಕದ ನೀರು. ಎರಡಕ್ಕೂ ಸೋಪಿನ ಚಿಕ್ಕ ಚೂರು ಸಮನಾಗಿ ಹಾಕಿ ಚೆನ್ನಾಗಿ ಕುಲುಕಿ. ನೊರೆ ಎದ್ದು ಕೆಳಗಿನ ನೀರು ಬಹುತೇಕ ತಿಳಿ ಇದ್ರೆ ನೀರು ಮೆದು. ನೊರೆ ಕಮ್ಮಿ, ನೀರು ಒಡೆದ ಹಾಲಿನ ಹಾಗೆ ಆದ್ರೆ ಗಡಸು. ಇದಕ್ಕೆ ಮಾಮೂಲಿ ಸೋಪೇ ಬೇಕು. ಶಾಂಪೂ, ಫೇಸ್‌ವಾಶ್ ಹಾಕಿದ್ರೆ ಗಡಸು ನೀರಲ್ಲೂ ನೊರೆ ಬಂದುಬಿಡುತ್ತೆ.

ಯಾಕೆ ಬರುತ್ತೆ? ಅದೇ ನಮ್ಮ ಮುಂದಿನ ಮಾತು.

ಲೇಬಲ್ ಓದೋದು ಹೇಗೆ?

ಸೋಪಿನ ಹಾಗೆ ಕೊಳೆ ತೆಗೆಯುತ್ತೆ, ಆದ್ರೆ ಸೋಪಲ್ಲ. ಅಂಥ ವಸ್ತುಗಳನ್ನ ಸಿಂಡೆಟ್ ಅಂತಾರೆ. ಸಿಂಥೆಟಿಕ್ ಡಿಟರ್ಜೆಂಟ್ ಅನ್ನೋದರ ಚಿಕ್ಕ ರೂಪ. ಹೆಸರು ಕೇಳಿ ಹೆದರಬೇಡಿ, ಬಟ್ಟೆ ಪೌಡರ್ ಅಲ್ಲ ಇದು. ಇವನ್ನ ಚರ್ಮದ ಪಿಎಚ್‌ಗೆ ಹತ್ತಿರ ಇರೋ ಹಾಗೆ ತಯಾರಿಸಬಹುದು, ಗಡಸು ನೀರಲ್ಲಿ ಸೋಪಿನಷ್ಟು ಜಿಡ್ಡು ಕಟ್ಟಲ್ಲ. ಇವು ಬಾರ್ ರೂಪದಲ್ಲೂ ಸಿಗುತ್ತವೆ, ಬಾಟಲಿಯಲ್ಲೂ ಸಿಗುತ್ತವೆ.

ಅಂಗಡಿಯಲ್ಲಿ ನಿಂತು ಪ್ಯಾಕೆಟ್ ಹಿಂದೆ ತಿರುಗಿಸಿ. ಮುಂದಿನ ಫೋಟೋ ಬೇಡ, ಹಿಂದಿನ ಚಿಕ್ಕಕ್ಷರ ನೋಡಿ. ಕಾಣದಿದ್ರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ.

ಮೊದಲ ಸಾಲಲ್ಲೇ ಸೋಡಿಯಂ ಪಾಮೇಟ್, ಸೋಡಿಯಂ ಪಾಮ್ ಕರ್ನಲೇಟ್, ಸೋಡಿಯಂ ಕೋಕೋಯೇಟ್ ಅಥವಾ ಸೋಡಿಯಂ ಟ್ಯಾಲೋವೇಟ್ ಅಂತಿದ್ರೆ ಅದು ಸೋಪು. ಪೊಟ್ಯಾಸಿಯಂ ಸ್ಟಿಯರೇಟ್, ಪೊಟ್ಯಾಸಿಯಂ ಮಿರಿಸ್ಟೇಟ್ ಅಂತಿದ್ರೂ ಸೋಪೇ, ಟ್ಯೂಬಿನ ಮೇಲೆ ಫೇಸ್‌ವಾಶ್ ಅಂತ ಬರೆದಿದ್ರೂ ಸರಿ. ತುಂಬಾ ಜನ ಮೋಸ ಹೋಗೋದು ಇಲ್ಲೇ.

ಸೋಡಿಯಂ ಲಾರಿಲ್ ಸಲ್ಫೇಟ್ ಸೂಕ್ಷ್ಮ ಚರ್ಮಕ್ಕೆ ಒರಟು. ಚರ್ಮದ ಕಿರಿಕಿರಿ ಅಳೆಯೋ ಪ್ರಯೋಗಗಳಲ್ಲಿ ಬೇಕಂತಲೇ ಇದನ್ನ ಹಚ್ತಾರೆ ಅಂದ್ರೆ ಅಂದಾಜು ಮಾಡಿ.

ಸೋಡಿಯಂ ಕೋಕಾಯ್ಲ್ ಐಸೆಥಿಯೋನೇಟ್, ಡೆಸಿಲ್ ಗ್ಲೂಕೋಸೈಡ್, ಕೋಕೋ ಗ್ಲೂಕೋಸೈಡ್ ಅನ್ನೋ ಹೆಸರುಗಳು ಕಂಡ್ರೆ ಸಾಮಾನ್ಯವಾಗಿ ಅದು ಮೃದು ಕಡೆಯದು. ಕೋಕಾಮಿಡೋಪ್ರೊಪೈಲ್ ಬೀಟೇನ್ ಕೂಡ ಮೃದುವೇ, ಆದ್ರೆ ಕೆಲವರಿಗೆ ಅಲರ್ಜಿ ಮಾಡುತ್ತೆ. ಪಟ್ಟಿಯ ಮೊದಲ ಭಾಗದಲ್ಲೇ ಗ್ಲಿಸರಿನ್ ಇದ್ರೆ ಒಳ್ಳೇದು, ಅದು ಚರ್ಮದಲ್ಲಿ ನೀರು ಹಿಡಿದಿಡುತ್ತೆ.

ಇನ್ನು ಸುವಾಸನೆ. ಫ್ರೇಗ್ರೆನ್ಸ್, ಪರ್ಫ್ಯೂಮ್ ಅಂತಿದ್ರೆ ಸೂಕ್ಷ್ಮ ಚರ್ಮದವರು ದೂರ ಇಡೋದು ಲೇಸು. ಗುಲಾಬಿ, ಗಂಧ, ಲಿಂಬೆ, ಸಹಜ ಎಣ್ಣೆ ಅಂದ್ರೂ ಚರ್ಮಕ್ಕೆ ಅದು ಸುವಾಸನೆಯೇ. ಅನ್‌ಸೆಂಟೆಡ್ ಬೇರೆ, ಫ್ರೇಗ್ರೆನ್ಸ್ ಫ್ರೀ ಬೇರೆ. ಮೊದಲನೆಯದರಲ್ಲಿ ವಾಸನೆ ಮುಚ್ಚೋಕೆ ಇನ್ನೊಂದು ಸುವಾಸನೆ ಹಾಕಿರಬಹುದು. ನಿಮಗೆ ಬೇಕಿರೋದು ಎರಡನೆಯದು. ಹೈಪೋಅಲರ್ಜೆನಿಕ್, ಡರ್ಮಟಾಲಜಿಸ್ಟ್ ಟೆಸ್ಟೆಡ್ ಅನ್ನೋ ಮಾತುಗಳನ್ನ ಅಷ್ಟು ನಂಬಬೇಡಿ. ಟೆಸ್ಟ್ ಮಾಡಿದ್ರು ಅಂತ ಬರೆದಿದ್ದಾರೆ, ಫಲಿತಾಂಶ ಏನು ಅಂತ ಬರೆದಿಲ್ಲ.

ಹೊಸದು ಏನೇ ತಂದ್ರೂ ಸೀದಾ ಮುಖಕ್ಕೆ ಬೇಡ. ಮೊಣಕೈ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ ಹಚ್ಚಿ, ಮುಖದ ಮೇಲೆ ಇಡುವಷ್ಟೇ ಹೊತ್ತು ಇಟ್ಟು ತೊಳೀರಿ. ಒಂದು ವಾರ ಹೀಗೆ ಮಾಡಿ. ಕೆಂಪಾಗದಿದ್ರೆ, ತುರಿಸದಿದ್ರೆ ಮುಖಕ್ಕೆ ಬಳಸಿ.

ತೊಳೆಯೋ ಕ್ರಮ

ದುಬಾರಿ ಅನ್ನೋ ಚಿಂತೆ ಬೇಡ, ಯಾಕಂದ್ರೆ ಕಡಿಮೆ ಬಳಸೋದೇ ಇಲ್ಲಿ ಮದ್ದು. ಮುಂಜಾನೆ ಬರೀ ನೀರು ಸಾಕು. ರಾತ್ರಿ ಅಥವಾ ಹೊಲದಿಂದ, ಗಾಡಿ ಓಡಿಸಿ ಬಂದ ಮೇಲೆ ಒಂದು ಸಲ ಕ್ಲೆನ್ಸರ್. ಕಡಲೆ ಕಾಳಿನಷ್ಟು ಸಾಕು. ನೀರು ಉಗುರು ಬೆಚ್ಚಗಿರಲಿ. ಬೆರಳ ತುದಿಯಿಂದ ಅರ್ಧ ನಿಮಿಷ ಮೆಲ್ಲಗೆ ಸವರಿ. ನೊರೆ ಬರಲಿಲ್ಲ ಅಂತ ಬೇಸರ ಬೇಡ. ನೊರೆಗೂ ಸ್ವಚ್ಛತೆಗೂ ಸಂಬಂಧ ಇಲ್ಲ. ತೊಳೆದ ಮೇಲೆ ಚರ್ಮ ಕಿರುಗುಟ್ಟಬೇಕು ಅನ್ನೋದೂ ತಪ್ಪು. ಹಾಗೆ ಕಿರುಗುಟ್ಟಿದ್ರೆ ಗಾರೆ ಹೋಯ್ತು ಅಂತಲೇ ಅರ್ಥ.

ನಿಮ್ಮ ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಕೊನೆಗೊಮ್ಮೆ ಮುಖಕ್ಕೆ ಅರ್ಧ ತಂಬಿಗೆ ಆ ನೀರು ಹಾಕ್ಕೊಳ್ಳಿ. ಇಲ್ಲದಿದ್ರೆ ನೀರು ಚೆನ್ನಾಗಿ ಕುದಿಸಿ, ಆರಿಸಿ, ತಳ ಕದಡದ ಹಾಗೆ ಮೇಲಿನ ತಿಳಿ ನೀರು ಬಗ್ಗಿಸ್ಕೊಳ್ಳಿ. ಕುದಿಸಿದಾಗ ಗಡಸುತನದ ಒಂದು ಪಾಲು ಹಂಡೆಯ ತಳಕ್ಕೆ ಕೂರುತ್ತೆ, ಪೂರ್ತಿ ಹೋಗಲ್ಲ. ಆಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ, ಉಜ್ಜಬೇಡಿ. ಚರ್ಮ ಇನ್ನೂ ಹಸಿ ಇರುವಾಗಲೇ ಸುವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಮೊಡವೆ ಇಲ್ಲದವರಿಗೆ ಬರೀ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿದ್ರೂ ನಡೆಯುತ್ತೆ.

ಅವ್ವ ಕೊಡೋ ಕಡಲೆ ಹಿಟ್ಟಿನ ಬಗ್ಗೆ ಕೇಳಿದ್ದೀರಿ. ಅದು ವಿಷ ಅಲ್ಲ. ನೆನೆಸಿ ತೆಳ್ಳಗೆ ಹಚ್ಚಿ, ಒಣಗೋ ಮೊದಲೇ ನೀರು ಹಾಕಿ ತೊಳೆದ್ರೆ ಕೆಲವರಿಗೆ ಹೊಂದುತ್ತೆ. ತೊಂದರೆ ಇರೋದು ಒಣಗಿಸಿ ಗಸಗಸ ಉಜ್ಜೋದರಲ್ಲಿ. ಅಡುಗೆ ಸೋಡಾ ಮಾತ್ರ ಬೇಡ, ಅದೂ ಕ್ಷಾರವೇ.

ಲಿಂಬೆ ಮತ್ತು ಬಿಸಿಲು

ನಮ್ಮ ಕಡೆಯವರಿಗೆ ಇದನ್ನ ಬೇರೆಯಾಗೇ ಹೇಳಬೇಕು. ಇಂಡಿ ಲಿಂಬೆಗೆ ಈಗ ಜಿಐ ಟ್ಯಾಗ್ ಇದೆ, ಹೊರದೇಶಕ್ಕೂ ಹೋಗುತ್ತೆ. ನಮ್ಮ ಹೆಮ್ಮೆ ಅದು. ಆದ್ರೆ ಊಟಕ್ಕೆ ಹಿಂಡೋ ಲಿಂಬೆಯನ್ನ ಮುಖಕ್ಕೆ ಹಿಂಡಬೇಡಿ. ಚರ್ಮ ಹುಳಿ ಇಷ್ಟಪಡುತ್ತೆ ಅಂತ ಈಗಷ್ಟೇ ಹೇಳಿದ್ನಲ್ಲ, ಹಾಗಾದ್ರೆ ಲಿಂಬೆ ಯಾಕೆ ಬೇಡ? ಒಂದು, ಲಿಂಬೆ ರಸದ ಪಿಎಚ್ 2ರ ಆಸುಪಾಸು. ಅದು ಸೂಕ್ಷ್ಮ ಚರ್ಮವನ್ನ ಸುಡುವಷ್ಟು ಹುಳಿ. ಎರಡು, ಲಿಂಬೆಯಲ್ಲಿ, ಅದರ ಸಿಪ್ಪೆಯಲ್ಲಂತೂ ಜಾಸ್ತಿ, ಫ್ಯೂರೊಕೂಮರಿನ್ ಅನ್ನೋ ರಾಸಾಯನಿಕಗಳಿವೆ. ಅವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ರೆ ಸುಟ್ಟ ಗಾಯದಂಥ ಉರಿ, ಗುಳ್ಳೆ ಏಳುತ್ತೆ. ಅದೂ ತಕ್ಷಣ ಅಲ್ಲ, ಒಂದೆರಡು ದಿನ ಬಿಟ್ಟು. ಅದಕ್ಕೇ ಲಿಂಬೆಯ ಮೇಲೆ ಯಾರಿಗೂ ಅನುಮಾನ ಬರಲ್ಲ. ಗುಳ್ಳೆ ಮಾಗಿದ ಮೇಲೆ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತೆ. ಬೆಳ್ಳಗಾಗೋಕೆ ಹಚ್ಚಿದ್ದು ಕಪ್ಪು ಮಾಡಿ ಹೋಗುತ್ತೆ. ತೋಟದಲ್ಲಿ ಲಿಂಬೆ ಬಿಡಿಸೋರು, ಮಾರ್ಕೆಟ್ಟಲ್ಲಿ ಆರಿಸೋರು ಕೂಡ ಕೆಲಸ ಮುಗಿದ ತಕ್ಷಣ ಕೈ ತೊಳೆಯದೇ ಮುಖ ಮುಟ್ಟಬೇಡಿ.

ಬಿಡದೇ ಕೇಳಿ ಅಂದ ಮಾತು

ಎಲ್ಲ ಸರಿ ಮಾಡಿದ್ರೂ ಮುಖ ಉರಿಯೋದು ನಿಲ್ತಿಲ್ಲ ಅಂದ್ರೆ ನಾನು ಕೇಳೋ ಮೊದಲ ಪ್ರಶ್ನೆ: ನೀವು ಯಾವ ಕ್ರೀಮ್ ಹಚ್ತಿದ್ದೀರಿ? ಗೆಳತಿ ಹೇಳಿದ್ಲು, ಅಂಗಡಿಯವರು ಕೊಟ್ರು, ಹದಿನೈದು ದಿನದಲ್ಲಿ ಮುಖ ಬೆಳ್ಳಗಾಯ್ತು, ಮೊಡವೆ ಮಾಯ ಆಯ್ತು. ಬಿಟ್ಟ ತಕ್ಷಣ ಕೆಂಪಾಗಿ ಉರೀತು, ಮತ್ತೆ ಹಚ್ಚಿದ್ರೆ ಸರಿ. ಈ ಕಥೆ ನಿಮ್ಮದೂ ಆಗಿದ್ರೆ ಟ್ಯೂಬ್ ತಿರುಗಿಸಿ ನೋಡಿ. ಬೆಟಾಮೆಥಸೋನ್, ಕ್ಲೊಬೆಟಾಸಾಲ್, ಮೊಮೆಟಾಸೋನ್, ಫ್ಲುಸಿನೋಲೋನ್, ಇವುಗಳಲ್ಲಿ ಒಂದಿದ್ರೂ ಅದು ಸ್ಟಿರಾಯ್ಡ್.

ಸ್ಟಿರಾಯ್ಡ್ ಒಳ್ಳೆ ಔಷಧವೇ. ವೈದ್ಯರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದ್ರೆ. ಫೇರ್‌ನೆಸ್ ಕ್ರೀಮ್ ಅಂತ ತಿಂಗಳುಗಟ್ಟಲೆ ಮುಖಕ್ಕೆ ಬಳಿದ್ರೆ ಚರ್ಮ ತೆಳ್ಳಗಾಗುತ್ತೆ, ರಕ್ತನಾಳ ಕೆಂಪು ಗೆರೆಯಾಗಿ ಕಾಣುತ್ತೆ, ಮುಖದ ಮೇಲೆ ಕೂದಲು, ಮೊಡವೆ ಹೆಚ್ಚಾಗುತ್ತೆ, ಬಿಸಿಲಿಗೆ ಹೋದ್ರೆ ಉರಿ. ಭಾರತದ ಚರ್ಮ ವೈದ್ಯರು ಇದಕ್ಕೆ 'ಸ್ಟಿರಾಯ್ಡ್‌ನಿಂದ ಹಾಳಾದ ಮುಖ' ಅಂತಲೇ ಹೆಸರಿಟ್ಟಿದ್ದಾರೆ. 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚೋ 14 ಬಗೆಯ ಸ್ಟಿರಾಯ್ಡ್ ಔಷಧಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿತು. ಅಂದ್ರೆ ವೈದ್ಯರ ಚೀಟಿ ಇಲ್ಲದೇ ಮಾರೋ ಹಾಗಿಲ್ಲ.

ಇಂಥ ಮುಖವನ್ನ ಜಗತ್ತಿನ ಯಾವ ಫೇಸ್‌ವಾಶೂ ಸರಿ ಮಾಡಲ್ಲ. ತಿಂಗಳುಗಟ್ಟಲೆ ಹಚ್ಚಿದವರು ನನ್ನ ಮಾತು ಕೇಳಿ ಇವತ್ತೇ ಒಮ್ಮೆಲೇ ಬಿಟ್ರೆ ಮುಖ ಇನ್ನೂ ಕೆರಳಬಹುದು. ಟ್ಯೂಬ್ ಸಮೇತ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ನಾಚಿಕೆ ಪಡೋ ವಿಷಯ ಅಲ್ಲ ಇದು. ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು, ದೂರ ಆದ್ರೆ ಸರ್ಕಾರದ ಇ-ಸಂಜೀವಿನಿಯಲ್ಲಿ ಮೊಬೈಲಿಂದಲೇ ವೈದ್ಯರ ಜೊತೆ ಉಚಿತವಾಗಿ ಮಾತಾಡಿ ಶುರು ಮಾಡಬಹುದು. ಮುಖ ಊದಿದ್ರೆ, ಕೀವು ಬಂದ್ರೆ, ಕಣ್ಣಿನ ಸುತ್ತ ಗುಳ್ಳೆ ಎದ್ರೆ ಕಾಯೋದೇ ಬೇಡ, ಅದೇ ದಿನ ಹೋಗಿ.

ಇವತ್ತಿನ ಕೆಲಸ ಇಷ್ಟೇ. ಬಚ್ಚಲಿಗೆ ಹೋಗಿ ನಿಮ್ಮ ಸೋಪು, ಫೇಸ್‌ವಾಶ್, ಕ್ರೀಮ್ ಮೂರರ ಹಿಂಭಾಗದ ಫೋಟೋ ತೆಗೀರಿ. ಈ ಸಂಚಿಕೆಯ ಹೆಸರುಗಳ ಜೊತೆ ಹೋಲಿಸಿ. ಮುಂದಿನ ಎರಡು ವಾರ ಹೊಸದೇನೂ ಕೊಳ್ಳಬೇಡಿ, ಇರೋದರಲ್ಲಿ ಮುಖಕ್ಕೆ ಒರಟಾದದ್ದನ್ನ ಕೈ ತೊಳೆಯೋಕೆ ಇಡಿ. ಸ್ಟಿರಾಯ್ಡ್ ಟ್ಯೂಬ್ ಇದ್ರೆ ಅದು ಡಾಕ್ಟರ್ ಹತ್ತಿರ ಹೋಗೋ ಚೀಲಕ್ಕೆ. ಬಾಟಲಿ ಪರೀಕ್ಷೆಯಲ್ಲಿ ನಿಮ್ಮೂರ ನೀರು ಏನು ಹೇಳಿತು ಅಂತ ವಾಯ್ಸ್ ನೋಟ್ ಕಳಿಸಿ, ಊರ ಹೆಸರು ಮರೀಬೇಡಿ. ಮತ್ತೆ ಸಿಗೋಣ, ನಮಸ್ಕಾರ.